ಮಡಿಲಿಗೆ ಬಿದ್ದ ಪುರಿ

ನನ್ನ ತಮ್ಮ ಹುಟ್ಟಿದಾಗ ಅವನ ರಕ್ತ ಬಿ ಪಾಸಿಟಿವ್. ಹೋಗುವಾಗ ಓ ಪಾಸಿಟಿವ್. ಓ ಪಾಸಿಟಿವ್ ನನ್ನದು. ಇದನ್ನು ಹೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಅದೆಂಥ ಮಾತು ಮೇಡಂ, ಮನುಷ್ಯನ ಬ್ಲಡ್ ಗ್ರೂಪ್ ಎಲ್ಲಾದರೂ ಬದಲಾಗುತ್ತಾ ಎನ್ನುತ್ತಾರೆ. ಬದಲಾಗುತ್ತದೆ. ನಾನು ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು, ವಿಜ್ಞಾನಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೆ ಈ ಒಂದು ಪಾಠವನ್ನು ಮಾತ್ರ ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿಯ ಹತ್ತಿರ ನಮ್ಮೂರು. ಅಲ್ಲಿ ನಾನೂ ನನ್ನ ತಮ್ಮನೂ ಬೆಳೆದದ್ದೇ ಜಗಳದಲ್ಲಿ. ನಾನು ಬೈಯುವುದು, ಅವನು ಹಲ್ಲು ಕಿರಿಯುವುದು, ನನಗೆ ಇನ್ನೂ ಸಿಟ್ಟು ಏರುವುದು. ಮದುವೆಯಾಗಿ ನಾನು ಮಾರ್ಕೋನಹಳ್ಳಿ ಕಡೆಗೆ ಬಂದೆ. ಅವನು ತುಮಕೂರಿನಲ್ಲಿ ಬೋರ್‌ವೆಲ್ ಮೋಟರ್‌ಗಳ ರಿವೈಂಡಿಂಗ್ ಅಂಗಡಿ ಇಟ್ಟ, ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ, ಮದುವೆಯಾದ, ಒಬ್ಬಳು ಮಗಳು. ಆದರೂ ಫೋನಿನಲ್ಲಿ ನಮ್ಮ ಜಗಳ ನಿಲ್ಲಲಿಲ್ಲ. ನನ್ನ ಮನೆಯವರು ಪಕ್ಕದ ಕೋಣೆಯಿಂದಲೇ, ತವರಿನ ಫೋನು ಅಂತ ಗೊತ್ತಾಯ್ತು ಬಿಡು, ಎನ್ನುತ್ತಿದ್ದರು.

ಅವನ ಒಸಡಿನಲ್ಲಿ ರಕ್ತ ಬರುತ್ತಿದೆ ಎಂದು ಗೊತ್ತಾದದ್ದೂ ಇಂಥ ಒಂದು ಜಗಳದ ನಡುವೆಯೇ. ಹಲ್ಲುಜ್ಜಿದರೆ ರಕ್ತ, ಮೋಟರ್ ಎತ್ತಿದರೆ ತೋಳಿನ ಮೇಲೆ ನೀಲಿ ಕಲೆ, ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತು. ಬ್ರಷ್ ಬದಲಾಯಿಸಿಕೊಂಡು ಕೂತಿದ್ದ ಮಹಾರಾಯ. ಜ್ವರ ಬಿಡದೇ ಹೋದಾಗ ತುಮಕೂರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿದರು. ಲ್ಯಾಬಿನವರು ಇನ್ನೊಂದು ಸಲ ರಕ್ತ ತೆಗೆದುಕೊಂಡರು, ಆಮೇಲೆ ಡಾಕ್ಟರ್ ಹೆಚ್ಚು ಮಾತಾಡದೆ ಬೆಂಗಳೂರಿಗೆ ಹೋಗಿ ಎಂದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಿ ಹೆಸರು ಹೇಳಿದರು. ಅಕ್ಯೂಟ್ ಮೈಲಾಯ್ಡ್ ಲುಕೀಮಿಯಾ. ಉದ್ದದ ಹೆಸರು, ಅರ್ಥ ಮಾತ್ರ ಗಿಡ್ಡ. ರಕ್ತದ ಕ್ಯಾನ್ಸರ್.

ಮೊದಲ ಸುತ್ತಿನ ಕೀಮೋಗೆ ಕಾಯಿಲೆ ತಗ್ಗಿತು. ನಾವು ಸಿಹಿ ಹಂಚುವುದೊಂದು ಬಾಕಿ. ಆದರೆ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಇವರಿಗೆ ಬಂದಿರುವ ಬಗೆ ಸುಮ್ಮನಿರುವಂಥದ್ದಲ್ಲ, ಕೀಮೋ ಒಂದನ್ನೇ ನಂಬಿದರೆ ಮತ್ತೆ ಬರುವ ಸಂಭವವೇ ಹೆಚ್ಚು, ವಯಸ್ಸು ಇನ್ನೂ ನಲವತ್ತರ ಒಳಗಿದೆ, ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡೋಣ. ಬಲವಾದ ಔಷಧಿ ಕೊಟ್ಟು ಇವರ ಮಜ್ಜೆಯನ್ನೇ ಪೂರ್ತಿ ಖಾಲಿ ಮಾಡುವುದು, ಆಮೇಲೆ ಹೊಂದುವವರೊಬ್ಬರ ರಕ್ತದಿಂದ ಮೂಲ ಕಣಗಳನ್ನು ತೆಗೆದು ಇವರಿಗೆ ಕೊಡುವುದು. ಅವು ಮೂಳೆಯೊಳಗೆ ಹೋಗಿ ನೆಲೆ ನಿಂತು ಹೊಸ ರಕ್ತ ಹುಟ್ಟಿಸಬೇಕು.

ನಾವೆಲ್ಲ ಕಣ್ಣು ಕಣ್ಣು ಬಿಟ್ಟುಕೊಂಡು ಕೂತಿದ್ದಾಗ ತಮ್ಮನೇ ತಲೆ ಆಡಿಸಿದ. "ಗೊತ್ತಾಯ್ತು ಸಾರ್. ಸುಟ್ಟೋದ ವೈಂಡಿಂಗ್ ಪೂರ್ತಿ ಕಿತ್ತು, ಕೋರ್ ಕ್ಲೀನ್ ಮಾಡಿ, ಹೊಸ ತಾಮ್ರ ಸುತ್ತೋದು. ನಾನು ದಿನಾ ಮಾಡೋ ಕೆಲ್ಸಾನೇ."

ಡಾಕ್ಟರ್ ನಕ್ಕರು. "ಹೆಚ್ಚೂ ಕಮ್ಮಿ ಅದೇ."

"ಗ್ಯಾರಂಟಿ ಎಷ್ಟು ಸಾರ್?"

ಅದಕ್ಕೆ ಅವರು ನಗಲಿಲ್ಲ.

ಹೊಸ ತಾಮ್ರ ನಾನಾದೆ. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಹೊಂದಿದರೆ ಪುಣ್ಯ ಎಂದಿದ್ದರು. ಅವನಿಗೆ ಇದ್ದವಳು ನಾನೊಬ್ಬಳೇ. ಪೂರ್ತಿ ಹೊಂದಿದೆ ಎಂದು ಫೋನ್ ಬಂದಾಗ ನಾನು ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಮಕ್ಕಳ ಮುಂದೆಯೇ ಅತ್ತುಬಿಟ್ಟೆ. ಬ್ಲಡ್ ಗ್ರೂಪ್ ಬೇರೆಯಲ್ಲವೇ ಎಂದು ಕೇಳಿದ್ದಕ್ಕೆ, ಅದೇನೂ ಅಡ್ಡಿಯಿಲ್ಲ, ಒಳಗೆ ಹೊಂದಬೇಕಾದ್ದು ಹೊಂದಿದೆ, ಬ್ಲಡ್ ಗ್ರೂಪ್ ಆಮೇಲೆ ನಿಧಾನಕ್ಕೆ ನಿಮ್ಮದಾಗುತ್ತದೆ ಎಂದರು.

ಅಡ್ಡಿ ಬಂದದ್ದು ನಮ್ಮ ಅವ್ವನಿಂದ. ಅಪ್ಪ ಊರಿನಲ್ಲಿ ತೋಟ, ಹಸು ನೋಡಿಕೊಂಡಿದ್ದರು. ಅವ್ವ ಮಗನ ಆರೈಕೆಗೆಂದು ಶೆಟ್ಟಿಹಳ್ಳಿಗೆ ಬಂದಿದ್ದಳು. ಮಗನ ಜೀವ ಉಳಿಯಲಿ ಎಂದು ಕಂಡ ಕಂಡ ಗದ್ದುಗೆಗೆ ಕೈ ಮುಗಿಯುತ್ತಿದ್ದವಳು ನನ್ನ ಸುದ್ದಿ ಕೇಳಿ ಮುಖ ಸಣ್ಣ ಮಾಡಿಕೊಂಡಳು.

"ಕೊಟ್ಟ ಮಗಳತ್ರ ತವರು ಈಸ್ಕಬಾರ್ದು ಕಣವ್ವ. ತವರು ಅಂದ್ರೆ ಕೊಡೋ ಕೈ. ನಿನ್ ರಕ್ತ ಈಗ ಆ ಮನೇದು."

"ರಕ್ತನೂ ಬೀಗರ ಪಾಲಾಗ್ಬುಡ್ತಾ ಅವ್ವ? ನೋವ್ ತಿಂದು ಹೆತ್ತೋಳು ನೀನು!"

"ನಿನ್ ಮನೆಯಿಂದ ಒಂದ್ ಬೆಲ್ಲದಚ್ಚು ಬಿಟ್ಟಿ ಈಸ್ಕಂಡಿದೀನಾ ಇಲ್ಲೀಗಂಟ? ಹೇಳು."

ಅದು ನಿಜ. ನನ್ನ ಗಂಡನ ಮನೆಯದು ಕಾಲುವೆ ನೀರಿನ ಗದ್ದೆ. ನಾನು ಅಕ್ಕಿ ತೆಗೆದುಕೊಂಡು ಹೋದರೆ ಅದೇ ಚೀಲದಲ್ಲಿ ತೆಂಗಿನಕಾಯಿ ತುಂಬಿ ವಾಪಸ್ ಕಳಿಸುತ್ತಿದ್ದಳು. ತವರಿನಿಂದ ನನ್ನ ಚೀಲ ಖಾಲಿ ಬಂದದ್ದೇ ಇಲ್ಲ. ಆದರೆ ಚೀಲದ ಲೆಕ್ಕವನ್ನು ಆಸ್ಪತ್ರೆಗೂ ಹಚ್ಚಿದರೆ ನಾನು ಸುಮ್ಮನಿರುವವಳೇ? ಬಾಯಿಗೆ ಬಂದದ್ದೆಲ್ಲ ಬೈದೆ. ಕಡೆಗೆ ಅವ್ವ ತಾನೇ ಒಂದು ದಾರಿ ಕಂಡುಕೊಂಡಳು. ಈಸಿಕೊಳ್ಳುವುದಕ್ಕೆ ಮುಂಚೆ ಮಗಳ ಮಡಿಲು ತುಂಬಿಬಿಟ್ಟರೆ ಸರಿ. ತವರು ಮೊದಲು ಕೊಟ್ಟ ಹಾಗಾಗುತ್ತದೆ, ಆಮೇಲೆ ತೆಗೆದುಕೊಂಡರೆ ದೋಷವಿಲ್ಲ.

ಹಾಗಾಗಿ ಬೇಸಿಗೆಯ ಒಂದು ಬೆಳಿಗ್ಗೆ, ನಾನು ಕಣ ಕೊಡಲು ಬೆಂಗಳೂರಿಗೆ ಹೊರಡುವ ಮುಂಚೆ, ಶೆಟ್ಟಿಹಳ್ಳಿಯ ಮನೆಯ ನಡುಮನೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮೂಲ ಕಣಗಳು ಮೂಳೆಯಿಂದ ರಕ್ತಕ್ಕೆ ಇಳಿಯಲಿ ಎಂದು ಅಷ್ಟರಲ್ಲಾಗಲೇ ನನಗೆ ಇಂಜೆಕ್ಷನ್ ಶುರುವಾಗಿತ್ತು. ಸೊಂಟ, ಬೆನ್ನು ಎಲ್ಲ ಒಳಗಿನಿಂದ ಸಿಡಿಯುತ್ತಿತ್ತು. ಅವ್ವ ಅರಿಶಿನ ಕುಂಕುಮ ಕೊಟ್ಟು, ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ವೀಳ್ಯದೆಲೆ, ರವಿಕೆ ಕಣ ಎಲ್ಲ ಹಾಕಿದಳು. ಗದ್ದೆಯಿರುವ ಮನೆಗೆ ಕೊಟ್ಟ ಮಗಳಿಗೆ ಅಂಗಡಿಯಲ್ಲಿ ಕೊಂಡ ಅಕ್ಕಿ! ನಾನು ಗೊಣಗುತ್ತಲೇ ಸೆರಗು ಹಿಡಿದೆ. ತಮ್ಮ ಆಗಲೇ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದ, ಅವನ ಹಳೆಯ ವೈಂಡಿಂಗ್ ಕೀಳುವ ಕೆಲಸ ನಡೆದಿತ್ತು. ವಿಡಿಯೋ ಕಾಲ್‌ನಲ್ಲಿ ಬೋಳು ತಲೆ ತೋರಿಸುತ್ತಾ, "ಅವ್ವ, ಇನ್ನೊಂದ್ ಕಾಯಿ ಹಾಕು, ಅಕ್ಕ ಆಮೇಲೆ ರೇಟ್ ಜಾಸ್ತಿ ಮಾಡ್ತಾಳೆ," ಎಂದು ಕಿಚಾಯಿಸಿದ.

ಕೊಡುವುದು ಕಷ್ಟವಲ್ಲ. ಎರಡು ತೋಳಿಗೂ ಸೂಜಿ ಹಾಕಿ ಮಲಗಿಸುತ್ತಾರೆ. ಒಂದು ಕಡೆಯಿಂದ ರಕ್ತ ಹೋಗಿ ಮೆಷಿನ್ನಿನಲ್ಲಿ ತಿರುಗಿ ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ, ಬೇಕಾದ ಕಣಗಳು ಮಾತ್ರ ಚೀಲದಲ್ಲಿ ಉಳಿಯುತ್ತವೆ. ಟೊಮೇಟೊ ಸಾರಿನ ಬಣ್ಣದ ಒಂದು ಸಣ್ಣ ಚೀಲ. ಅಷ್ಟೆಲ್ಲ ಗಲಾಟೆ ಮಾಡಿದ್ದು ಇದಕ್ಕಾ ಅನ್ನಿಸಿತು. ಅದನ್ನು ಅವನಿಗೆ ಗ್ಲೂಕೋಸ್ ಏರಿಸಿದ ಹಾಗೆ ಏರಿಸಿದರು, ಆಪರೇಷನ್ ಇಲ್ಲ, ಕೊಯ್ಯುವುದಿಲ್ಲ. ಆಮೇಲೆ ಕಾಯುವುದು. ಅವನ ಬಾಯೆಲ್ಲ ಹುಣ್ಣಾಗಿ ನೀರು ನುಂಗಲೂ ಆಗದ ದಿನಗಳವು. ಬಿಳಿ ರಕ್ತಕಣ ಒಂದೂ ಇಲ್ಲ ಎಂದು ಬರುತ್ತಿದ್ದ ವರದಿ ಒಂದು ದಿನ ಸ್ವಲ್ಪ ಇದೆ ಎಂದಿತು. ಮಾರನೆಯ ದಿನ ಇನ್ನೂ ಸ್ವಲ್ಪ. ನಾಟಿ ಹಿಡಿಯಿತು ಎಂದರು.

ಕೆಲವು ವಾರಗಳ ಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. ಅವನ ರಕ್ತದಲ್ಲಿ ಅವನೆಷ್ಟು, ನಾನೆಷ್ಟು ಎಂದು ಹೇಳುವ ಪರೀಕ್ಷೆ. "ಪೂರ್ತಿ ನೀವೇ ಮೇಡಂ," ಎಂದರು ಡಾಕ್ಟರ್. "ಇವರ ರಕ್ತದಲ್ಲಿ ಇವರು ಸಿಗ್ತಾನೇ ಇಲ್ಲ."

"ಅಯ್ಯೋ ಶಿವನೇ, ಒಳಗೂ ಅಕ್ಕನೇ ಬಂದು ಕೂತ್ಬುಟ್ಲಾ!" ಎಂದ ಇವನು. "ಇನ್ಮೇಲೆ ನಂಗೂ ಸಿಟ್ಟು ಬರುತ್ತೆ ನೋಡ್ತಿರು."

"ಬರ್ಲಿ ಕಣೋ. ಒಂಚೂರು ಮಾನ ಮರ್ಯಾದೆನೂ ಬರುತ್ತೆ," ಎಂದೆ ನಾನು. ನನ್ನ ಬದುಕಿನಲ್ಲಿ ನಾನು ಅಷ್ಟು ಖುಷಿಯಾಗಿದ್ದ ದಿನ ಇನ್ನೊಂದಿಲ್ಲ.

ಶೆಟ್ಟಿಹಳ್ಳಿಯ ಮನೆಗೆ ಅವನು ಬಂದಮೇಲೆ ಅಲ್ಲಿನ ಕಾನೂನೇ ಬೇರೆಯಾಯಿತು. ನನ್ನ ರಕ್ತ ಅವನ ಮೈಯ ಮೇಲೆ ತಿರುಗಿಬೀಳದಿರಲಿ ಎಂದು ಕೊಡುತ್ತಿದ್ದ ಮಾತ್ರೆಗಳು ಸೋಂಕನ್ನು ತಡೆಯುವ ಶಕ್ತಿಯನ್ನೂ ತಗ್ಗಿಸುತ್ತವಂತೆ. ಹಾಗಾಗಿ ಹೂವು ಇಲ್ಲ, ಕುಂಡದ ತುಳಸಿ ಹೊರಗೆ, ಮಣ್ಣು ಮುಟ್ಟುವ ಹಾಗಿಲ್ಲ, ಹಸಿ ಕೊತ್ತಂಬರಿ ಇಲ್ಲ, ಕುದಿಸಿದ ನೀರು, ಬಿಸಿ ಊಟ. ಕೊರಳಿನ ಲಿಂಗದ ದಾರವನ್ನೂ ಬಿಚ್ಚಿಸಿ ಕರಡಿಗೆಯನ್ನು ತೊಳೆದು ಬೇರೆ ಡಬ್ಬಿಯಲ್ಲಿಟ್ಟಿದ್ದರು. ಅವ್ವ ಎಲ್ಲವನ್ನೂ ಒಪ್ಪಿದಳು. ಅವಳ ಮಡಿಗಿಂತ ಡಾಕ್ಟರ ಮಡಿ ದೊಡ್ಡದಾಯಿತು ಎಂದು ತಮ್ಮನ ಹೆಂಡತಿ ನಗುತ್ತಿದ್ದಳು.

ಗೌರಿ ಹಬ್ಬ ಬಂತು. ಪ್ರತಿ ವರ್ಷ ಬಾಗಿನ ತರುತ್ತಿದ್ದವನು ಅವನೇ. ಈ ವರ್ಷ ಬೇಡ, ಹಾಸಿಗೆ ಬಿಟ್ಟು ಎದ್ದರೆ ಕಾಲು ಮುರೀತೀನಿ ಎಂದು ನಾನು ಮೊದಲೇ ಹೇಳಿದ್ದೆ. ಹಬ್ಬದ ಮಧ್ಯಾಹ್ನ ನಮ್ಮ ಮನೆಯ ಮುಂದೆ ಕಾರು ನಿಂತಿತು. ಮಾಸ್ಕ್ ಹಾಕಿಕೊಂಡು ಇಳಿದ. ಮೈ ಇಳಿದುಹೋಗಿ ಅಂಗಿಯ ತೋಳು ಜೋಲುತ್ತಿತ್ತು. ಗೇಟಿನಿಂದ ಒಳಗೆ ಬರಲಿಲ್ಲ. ಮೊರದ ಬಾಗಿನವನ್ನು ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ, ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದು ನಿಂತ.

"ಏನ್ಲಾ, ಬುದ್ಧಿ ಇದೆಯೇನ್ಲಾ ನಿಂಗೆ? ಯಾರ್ಲಾ ಬಿಟ್ರು ನಿನ್ನ?"

"ಬೈಯಿ, ಬೈಯಿ. ಅಕ್ಕನ ಬಾಗಿನ ಕೊರಿಯರ್ ಮಾಡಕ್ಕಾಗುತ್ತಾ?" ಎಂದ. "ಕಾರಲ್ಲೇ ಬಂದೆ, ಕಾರಲ್ಲೇ ಹೋಗ್ತೀನಿ. ಯಾರನ್ನೂ ಮುಟ್ಟಿಲ್ಲ."

ಬಾಗಿನ ತಂದ ತಮ್ಮನಿಗೆ ಒಬ್ಬಟ್ಟು ಹಾಕದೆ, ಒಂದು ಲೋಟ ನೀರೂ ಕೊಡದೆ ಬಾಗಿಲಿನಿಂದ ಕಳಿಸಿದವಳು ನಾನು. ಬೇರೆ ದಾರಿ ಇರಲಿಲ್ಲ, ಅವನು ನಮ್ಮ ಮನೆಯ ನೀರು ಕುಡಿಯುವ ಹಾಗಿರಲಿಲ್ಲ. ಕಾರು ಕಾಲುವೆಯ ಏರಿ ಹತ್ತಿ ಮರೆಯಾಗುವವರೆಗೆ ಬೈಯುತ್ತಲೇ ಇದ್ದೆ. ಆಮೇಲೆ ಒಳಗೆ ಬಂದು ಮೊರವನ್ನು ತಬ್ಬಿಕೊಂಡು ಕೂತೆ.

ದೀಪಾವಳಿಯ ಸುಮಾರಿಗೆ ಬಂದ ವರದಿಯಲ್ಲಿ ನಾನು ಸ್ವಲ್ಪ ಕಡಿಮೆಯಾಗಿದ್ದೆ. ಮುಂದಿನ ವರದಿಯಲ್ಲಿ ಇನ್ನಷ್ಟು. ಹೋಗಿದ್ದ ಕಾಯಿಲೆ ಮೂಳೆಯ ಯಾವುದೋ ಮೂಲೆಯಿಂದ ಮತ್ತೆ ತಲೆ ಎತ್ತಿತ್ತು. ಅದು ಹೆಚ್ಚಿದಂತೆಲ್ಲ ನನ್ನ ರಕ್ತ ಅಲ್ಲಿಂದ ಜಾಗ ಬಿಡುತ್ತಿತ್ತು. ಬೇರೆ ಯಾವ ಕಾಯಿಲೆಯಲ್ಲೂ ಹೀಗಿರಲಾರದು. ಒಡಹುಟ್ಟಿದವನ ಮೈಯಿಂದ ನಾನು ಎಷ್ಟು ಹೊರಗೆ ಬಿದ್ದೆ ಎಂಬುದನ್ನು ಅವರು ಕಾಗದದ ಮೇಲೆ ಬರೆದು ನನ್ನ ಕೈಗೇ ಕೊಡುತ್ತಿದ್ದರು.

ಇನ್ನೊಂದು ಪ್ರಯತ್ನ ಇದೆ ಎಂದರು ಡಾಕ್ಟರ್. ಕಾಯಿಲೆಯನ್ನು ಹತ್ತಿಕ್ಕಲು ಮತ್ತೆ ಕೀಮೋ ಕೊಡುತ್ತೇವೆ. ನಿಮ್ಮ ರಕ್ತ ತಿರುಗಿಬೀಳದಿರಲಿ ಎಂದು ಕೊಡುತ್ತಿದ್ದ ಮಾತ್ರೆಯನ್ನು ನಿಲ್ಲಿಸುತ್ತೇವೆ. ಈ ಸಲ ನಿಮ್ಮಿಂದ ಕಾದಾಡುವ ಬಿಳಿ ಕಣಗಳನ್ನು ತೆಗೆದು ಅವರಿಗೆ ಹಾಕುತ್ತೇವೆ. ಅವು ಕ್ಯಾನ್ಸರ್ ಕಣಗಳನ್ನು ಪರಕೀಯ ಎಂದು ಗುರುತಿಸಿ ಮೇಲೆ ಬೀಳಬೇಕು. ಹಾಗೆ ಬಿದ್ದಾಗ ಚರ್ಮದಲ್ಲಿ ಗುಳ್ಳೆ ಏಳಬಹುದು, ಭೇದಿ ಆಗಬಹುದು, ಅತಿಯಾದರೆ ಅಪಾಯವೂ ಹೌದು. "ಆದ್ರೆ ಸ್ವಲ್ಪ ಜಗಳ ಆದ್ರೆ ಒಳ್ಳೇದೇ ಮೇಡಂ. ಅದಕ್ಕೇ ಕಾಯೋದು ನಾವು."

"ಜಗಳ ತಾನೇ?" ಎಂದ ತಮ್ಮ. "ಸರಿಯಾದ್ ಕಂಪ್ನಿ ಮಾಲೇ ತರ್ಸಿದೀರ ಬಿಡಿ ಸಾರ್."

ನನಗೂ ಒಳಗೊಳಗೆ ಧೈರ್ಯ ಬಂತು. ಬಸ್ ಕಂಡಕ್ಟರ್, ತರಕಾರಿಯವನು, ಹೆಡ್ ಮಾಸ್ಟರ್, ಯಾರನ್ನೂ ಬಿಡದ ನನ್ನ ಸಿಟ್ಟು ಒಂದು ದಿನ ಕೆಲಸಕ್ಕೆ ಬರುತ್ತದೆ ಎಂದುಕೊಂಡೆ. ಅವನ ಮೂಳೆಯೊಳಗೆ ಹೋಗಿ ಆ ದರಿದ್ರ ಕಾಯಿಲೆಯ ಜುಟ್ಟು ಹಿಡಿದು ಬಡಿಯಲಿ.

ಎರಡನೆಯ ಸಲ ಕೊಡುವ ದಿನ ನಾನು ಕುಣಿಗಲ್‌ನಿಂದ ನೇರವಾಗಿ ಬೆಂಗಳೂರಿಗೆ ಹೋದೆ. ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಕೂದಲು ಬಾಚಿರಲಿಲ್ಲ, ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ನೋಡಿ, "ಬಂದ್ಯಾ," ಎಂದಳು, ಅಷ್ಟೇ. ನರ್ಸ್ ನನ್ನ ಹೆಸರು ಕರೆದರು. ನಾಲ್ಕು ಹೆಜ್ಜೆ ಹೋದವಳು ನಿಂತುಬಿಟ್ಟೆ. ಈ ಸಲ ಅವ್ವ ಮಡಿಲು ತುಂಬಿಲ್ಲ. ಮರೆತಿದ್ದಾಳೆ. ಹೋದ ಸಲ ಇದೇ ವಿಷಯಕ್ಕೆ ಅವಳನ್ನು ಬೈದವಳು, ಮಕ್ಕಳಿಗೆ ಮೂಢನಂಬಿಕೆಯ ಬಗ್ಗೆ ಪ್ರಬಂಧ ಬರೆಸುವವಳು ನಾನೇ. ಆದರೆ ಆ ಹೊತ್ತಿನಲ್ಲಿ ಹೆದರಿದೆ. ಮೊದಲ ಸಲ ತುಂಬಿದ್ದರು, ನಾಟಿ ಹಿಡಿಯಿತು. ಈ ಸಲ ತುಂಬದೇ ಹೋದರೆ? ನಾನು ವಾಪಸ್ ಓಡಿಬಂದೆ.

"ಅವ್ವ, ಮಡ್ಲಕ್ಕಿ ಹಾಕು."

ಅವ್ವ ಗಾಬರಿಯಾದಳು. "ಅಯ್ಯೋ, ಮರ್ತೇಬುಟ್ನಲ್ಲ! ಅಕ್ಕಿ ಎಲ್ಲಿಂದ ತರ್ಲೇ ಇಲ್ಲಿ?"

"ಏನಾರ ಹಾಕು. ನಿನ್ ಕೈಯಿಂದ ಏನಾರ ಬೀಳ್ಲಿ ಸಾಕು. ಕರೀತಾವ್ರೆ."

ಅವಳು ಬ್ಯಾಗಿಗೆ ಕೈ ಹಾಕಿ ತಡಕಿದಳು. ಟವಲ್ಲು, ಔಷಧಿಯ ಚೀಟಿ, ನೀರಿನ ಬಾಟಲು. ಅಡಿಯಲ್ಲಿ ಒಂದು ಕಡಲೆಪುರಿಯ ಪ್ಯಾಕೆಟ್ಟು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ದಾರಿಗೆಂದು ಕೊಂಡದ್ದು. ಅದನ್ನೇ ಹರಿದು ಎರಡು ಕೈಯಲ್ಲೂ ತುಂಬಿಕೊಂಡು ನನ್ನ ಸೆರಗಿಗೆ ಸುರಿದಳು. ನಾನು ಗಂಟು ಹಾಕಿಕೊಂಡು ಒಳಗೆ ಓಡಿದೆ.

ಮೆಷಿನ್ ತಿರುಗುತ್ತಿರುವಾಗ ಹೊಟ್ಟೆ ಹಸಿಯಿತು. ಬೆಳಿಗ್ಗೆ ಗಡಿಬಿಡಿಯಲ್ಲಿ ಎರಡು ಇಡ್ಲಿಯನ್ನೂ ಸರಿಯಾಗಿ ತಿಂದಿರಲಿಲ್ಲ. ಏನಾದರೂ ತಿನ್ನಿ ಎಂದು ನರ್ಸ್ ಹೇಳಿದಾಗ ಸೆರಗಿನ ಗಂಟು ನೆನಪಾಯಿತು. ಕೈ ಆಡಿಸುವ ಹಾಗಿಲ್ಲ, ಅವರೇ ಒಂದೊಂದು ಚಿಟಿಕೆ ನನ್ನ ಬಾಯಿಗೆ ಹಾಕಿದರು. ಅಷ್ಟರಲ್ಲಿ ಮೇಲಿನ ವಾರ್ಡಿನಿಂದ ತಮ್ಮ ಫೋನ್ ಮಾಡಿದ. ನರ್ಸ್ ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

"ಏನ್ ತಿಂತಿದ್ದೀಯೇ?"

"ಪುರಿ. ಅವ್ವ ಮಡ್ಲಿಗೆ ಹಾಕಿದ್ದು. ಅಕ್ಕಿ ಇರ್ಲಿಲ್ಲ."

ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ನಗಲು ಶುರು ಮಾಡಿದ. "ಮಡ್ಲಕ್ಕಿನೇ ತಿಂದ್ಬುಟ್ಯಾ? ಅಯ್ಯೋ ಹೊಟ್ಟೆಬಾಕಿ! ತವರಿನ ಆಸ್ತಿನೆಲ್ಲ ಆಸ್ಪತ್ರೆಲೇ ಮುಗಿಸ್ಬುಟ್ಲಲ್ಲಪ್ಪೋ!" ನಗುತ್ತಾ ನಗುತ್ತಾ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ನಕ್ಕ. "ಒಂಚೂರು ಖಾರ ಹಚ್ಕೊಳ್ಳೇ. ಆ ಸೆಲ್‌ಗಳಿಗೂ ರೋಷ ಬರ್ಲಿ."

ಕಾಯಿಲೆಗೆ ಮುಂಚಿನ ನಗು ಅದು. ಬಾಯಿ ಪೂರ್ತಿ ತೆರೆದು, ಭುಜ ಕುಣಿಸಿಕೊಂಡು. ಅಂಥದ್ದನ್ನು ನಾನು ಆಮೇಲೆ ಕೇಳಲಿಲ್ಲ.

ನನ್ನ ಕಣಗಳನ್ನು ಅವನಿಗೆ ಹಾಕಿದರು. ಮನೆಗೆ ಕಳಿಸಿದರು. ನಾನು ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ತಮ್ಮನ ಹೆಂಡತಿಗೆ ಫೋನ್ ಮಾಡುತ್ತಿದ್ದೆ.

"ಮೈ ಮೇಲೆ ಗುಳ್ಳೆ ಎದ್ದಿದೆಯಾ?"

"ಇಲ್ಲ ಅತ್ತಿಗೆ. ಮೈ ಚೆನ್ನಾಗಿದೆ."

"ಕೆರೆತ? ಅಂಗೈ ಕೆಂಪಗಾಗಿದೆಯಾ ನೋಡು."

"ಇಲ್ಲ ಅತ್ತಿಗೆ."

ತಮ್ಮನ ಮೈ ತುಂಬ ಗುಳ್ಳೆ ಏಳಲಿ ಎಂದು ಬೇಡಿಕೊಂಡ ಅಕ್ಕ ಈ ಲೋಕದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನು ಬೇಡಿಕೊಂಡೆ. ಭೇದಿಯಾಗಲಿ, ಜ್ವರ ಬರಲಿ, ಏನಾದರೂ ಆಗಲಿ, ನನ್ನ ರಕ್ತ ಅಲ್ಲಿ ಸುಮ್ಮನೆ ಕೂತಿಲ್ಲ ಎಂದು ಗೊತ್ತಾಗಲಿ. ಅವನ ಚರ್ಮ ಮಗುವಿನ ಚರ್ಮದ ಹಾಗೆ ನುಣ್ಣಗೆ ಇತ್ತು. ಜೀವಮಾನವೆಲ್ಲ ಅವನ ಜೊತೆ ಜಗಳ ಕಾಯ್ದವಳ ರಕ್ತ, ಬೇಕಾದ ಹೊತ್ತಿನಲ್ಲಿ ಅವನ ಮೈಯೊಳಗೆ ಜಗಳವಾಡಲಿಲ್ಲ. ಇದಕ್ಕೆ ಯಾರನ್ನು ಬೈಯಲಿ? ಡಾಕ್ಟರ್ ತಮ್ಮ ಕೈಲಾದದ್ದೆಲ್ಲ ಮಾಡಿದರು. ಹೀಗಾಗುತ್ತದೆ ಮೇಡಂ, ಕೆಲವರಲ್ಲಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಇಲ್ಲ, ಯಾಕೆ ಎಂದು ನಮಗೂ ಪೂರ್ತಿ ಗೊತ್ತಿಲ್ಲ ಎಂದರು. ಬೈಯಲು ಯಾರೂ ಸಿಗದಿದ್ದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ, ಒಂದು ಮಧ್ಯಾಹ್ನ, ಶೆಟ್ಟಿಹಳ್ಳಿಯ ಮನೆಯಲ್ಲಿ ಅವನು ಹೋದ. ನಾನು ಅವನ ಕಾಲು ಒತ್ತುತ್ತಾ ಕೂತಿದ್ದೆ. ಅವನು ಉಸಿರು ತೆಗೆದುಕೊಂಡ, ಬಿಟ್ಟ, ಮತ್ತೆ ತೆಗೆದುಕೊಳ್ಳಲಿಲ್ಲ.

ಊರಿಗೆ ಒಯ್ದೆವು. ನಮ್ಮಲ್ಲಿ ಸುಡುವುದಿಲ್ಲ. ತೋಟದಲ್ಲಿ ತೆಂಗಿನ ಸಾಲಿನ ಪಕ್ಕ ಗುಣಿ ತೋಡಿದರು. ಊರ ಬಾಗಿಲಿನಿಂದ ತೋಟದವರೆಗೆ ಯಾರೋ ಮುಂದೆ ಮುಂದೆ ಪುರಿ ಎರಚುತ್ತಾ ಹೋಗುತ್ತಿದ್ದರು. ಅದು ಎಲ್ಲ ಸಾವಿನಲ್ಲೂ ಇರುವುದೇ, ನಾನು ಗಮನಿಸಲೂ ಇಲ್ಲ. ಅವ್ವ ಗಮನಿಸಿದಳು. ಎದೆ ಬಡಿದುಕೊಂಡು ಅಳುತ್ತಿದ್ದವಳು ಒಮ್ಮೆಗೇ ಅಳು ನಿಲ್ಲಿಸಿ ನೆಲದ ಮೇಲೆ ಬಿದ್ದ ಪುರಿಯನ್ನು ನೋಡುತ್ತಾ ನಿಂತುಬಿಟ್ಟಳು. ಆಮೇಲೆ ಅವಳು ಅಳಲೇ ಇಲ್ಲ. ಗುಣಿಯಲ್ಲಿ ಅವನನ್ನು ಕೂರಿಸಿ, ಎಡಗೈಯಲ್ಲಿ ಅವನ ಲಿಂಗ ಇಟ್ಟು, ವಿಭೂತಿ, ಪತ್ರೆ ಹಾಕಿದಾಗಲೂ ಅಳಲಿಲ್ಲ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕೊಟ್ಟ ಹೆಣ್ಣಿಗೆ ತವರಿನ ತೋಟದಲ್ಲಿ ಜಾಗವಿಲ್ಲ, ನಾಳೆ ನನ್ನ ಮಣ್ಣು ಆಗುವುದು ಗಂಡನ ಮನೆಯ ನೆಲದಲ್ಲೇ. ಆದರೆ ಇಲ್ಲಿ ನನ್ನ ರಕ್ತವನ್ನೂ ಹೂಳುತ್ತಿದ್ದಾರೆ ಎಂಬುದು ಆ ಗುಣಿಯ ಸುತ್ತ ನಿಂತವರಲ್ಲಿ ನನಗೊಬ್ಬಳಿಗೇ ಹೊಳೆದಂತಿತ್ತು.

ಅವ್ವ ಮಾತು ಬಿಟ್ಟಳು. ಉಣ್ಣು ಎಂದರೆ ಉಣ್ಣುವಳು, ಮಲಗು ಎಂದರೆ ಮಲಗುವಳು. ಮನೆಗೆ ಪುರಿ ತರುವುದನ್ನು ನಿಲ್ಲಿಸಿಬಿಟ್ಟಿದ್ದಾಳೆ ಎಂದು ಅಪ್ಪ ಒಂದು ದಿನ ಫೋನಿನಲ್ಲಿ ಹೇಳಿದರು. ಯಾರೋ ಮಠದ ಪ್ರಸಾದವೆಂದು ಪುರಿ ತಂದುಕೊಟ್ಟರೆ ಕಣ್ಣಿಗೊತ್ತಿಕೊಂಡು ಹಸುವಿಗೆ ಹಾಕಿದಳಂತೆ. ನನಗೆ ಆಗಲೂ ಅದರ ಅರ್ಥವಾಗಲಿಲ್ಲ, ನೋಡಿ. ಬೇರೆಯವರ ಮಾತಿನ ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ, ಹೆತ್ತವಳ ಮನಸ್ಸಿನ ವಿಷಯಕ್ಕೆ ಬಂದರೆ ಸೊನ್ನೆ.

ಮತ್ತೆ ಗೌರಿ ಹಬ್ಬ ಬಂತು. ಈ ವರ್ಷ ನಾನು ಹಬ್ಬ ಮಾಡಲಿಲ್ಲ. ಗೇಟಿನ ಕಡೆ ನೋಡಬಾರದು ಎಂದು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಕೂತಿದ್ದೆ. ಯಾರೋ ಕೂಗಿದಂತಾಯಿತು. ಹೋಗಿ ನೋಡಿದರೆ ಗೇಟಿನ ಹತ್ತಿರ ಅವ್ವ. ಗುಬ್ಬಿ, ತುಮಕೂರು, ಕುಣಿಗಲ್ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಕಂಕುಳಲ್ಲಿ ಮೊರ ಇಟ್ಟುಕೊಂಡು ಒಬ್ಬಳೇ ಬಂದಿದ್ದಳು. ಹೋದ ವರ್ಷ ಅವನು ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ.

ಒಳಗೆ ಕರೆದು ನೀರು ಕೊಟ್ಟೆ. ಕುಡಿಯಲಿಲ್ಲ. ಬಾಗಿನ ಕೊಟ್ಟಮೇಲೆ ಬ್ಯಾಗಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅಕ್ಕಿ.

"ಸೆರಗೊಡ್ಡು."

"ಯಾಕವ್ವ ಇದೆಲ್ಲ ಈಗ?"

"ಅವತ್ತು ಹಾಕ್ನಿಲ್ಲ. ಪುರಿ ಹಾಕ್ಬುಟ್ಟೆ. ಹೆಣದ ಮುಂದೆ ಎರಚೋದ್ನ ತಗಂಡೋಗಿ ನಿನ್ ಮಡ್ಲಿಗೆ ಹಾಕ್ಬುಟ್ನಲ್ಲೇ. ಈ ಕೈಯಲ್ಲೇ ಹಾಕ್ದೆ. ಅವತ್ತೇ ಅವ್ನ ದಾರಿಗೆ ಎರಚಿದಂಗಾಯ್ತು. ನಿನ್ ರಕ್ತ ಹೆಂಗೆ ಹತ್ತುತ್ತೆ ಅವ್ನಿಗೆ? ನಾನೇ ಕಣೇ, ನಾನೇ ಕಳಿಸ್ಬುಟ್ಟೆ ಅವ್ನ."

ಇಷ್ಟು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ರಾಗಿ ಬೀಸಿದ್ದಾಳೆ, ಹಸು ಕರೆದಿದ್ದಾಳೆ, ಅಪ್ಪನಿಗೆ ಮುದ್ದೆ ಮಾಡಿ ಹಾಕಿದ್ದಾಳೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಏನಾದರೂ ಹಾಕು ಎಂದು ಕೇಳಿದವಳು ನಾನು ಎಂದೆ, ತಲೆ ಅಲ್ಲಾಡಿಸಿದಳು. ಪುರಿಯನ್ನು ಜಾತ್ರೆಯಲ್ಲೂ ಕೊಡ್ತಾರೆ, ಮಠದಲ್ಲೂ ಕೊಡ್ತಾರೆ, ಸಾವಿಗೊಂದೇ ಅಲ್ಲ ಎಂದೆ, ಕೇಳಿಸಿಕೊಳ್ಳಲಿಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಕಾಯಿಲೆ ಹೋದಹಾಗೆ ಕಂಡರೂ ಮೂಳೆಯೊಳಗೆ ಉಳಿದುಬಿಡುತ್ತದೆ, ಅದು ಎರಡನೆಯ ಸಲ ಕೊಡುವುದಕ್ಕೆ ಮುಂಚೆಯೇ ಬಂದಾಗಿತ್ತು ಎಂದೆ. ಅವಳು ತನ್ನ ಎರಡು ಅಂಗೈಗಳನ್ನೇ ನೋಡುತ್ತಿದ್ದಳು.

ಆಗ ನಾನು ಇಷ್ಟು ದಿನ ಯಾರಿಗೂ ಹೇಳದೆ ಜಿಪುಣಿಯ ಹಾಗೆ ಇಟ್ಟುಕೊಂಡಿದ್ದನ್ನು ಹೊರಗೆ ತೆಗೆದೆ. ಹಂಚಿದರೆ ಕರಗಿಬಿಡುತ್ತದೇನೋ ಎಂದು ನನ್ನ ಮನೆಯವರಿಗೂ ಹೇಳಿರಲಿಲ್ಲ.

"ಅವ್ವ, ಆ ಪುರಿ ನಾನು ತಿಂದೆ. ಅದನ್ನ ನೋಡಿ ಅವ್ನು ನಕ್ಕ."

ಅವ್ವ ತಲೆ ಎತ್ತಿದಳು. "ನಕ್ನಾ?"

"ಹೂಂ. ಮೊದಲಿನಂಗೆ. ಭುಜ ಕುಣಿಸ್ಕಂಡು, ಕಣ್ಣಲ್ಲಿ ನೀರು ಬರೋಗಂಟ. ಅದೇ ಕೊನೆ, ಆಮೇಲೆ ಅಂಗೆ ನಗ್ಲಿಲ್ಲ ಅವ್ನು. ನಿನ್ ಪುರಿ ಕಣವ್ವ ನಗಿಸಿದ್ದು."

"ಏನಂದ?"

ನಾನು ಅವನ ದನಿ ಮಾಡಿ ಹೇಳಿದೆ. ಮಡ್ಲಕ್ಕಿನೇ ತಿಂದ್ಬುಟ್ಯಾ, ಅಯ್ಯೋ ಹೊಟ್ಟೆಬಾಕಿ, ತವರಿನ ಆಸ್ತಿನೆಲ್ಲ ಆಸ್ಪತ್ರೆಲೇ ಮುಗಿಸ್ಬುಟ್ಲಲ್ಲಪ್ಪೋ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ತೋಟದಲ್ಲಿ ನಿಂತುಹೋಗಿದ್ದ ಅಳು ನಮ್ಮ ನಡುಮನೆಯಲ್ಲಿ ಬಂತು. ನಾನು ಸೆರಗೊಡ್ಡಿದೆ. ಅವಳು ಅಳುತ್ತಲೇ ಅಕ್ಕಿ ಸುರಿದಳು, ಅರ್ಧ ನೆಲದ ಮೇಲೆ ಬಿತ್ತು.

ಈಗ ಅವಳು ಭಾನುವಾರ ಫೋನ್ ಮಾಡುತ್ತಾಳೆ. ತೋಟದ ಸುದ್ದಿ, ಹಸುವಿನ ಸುದ್ದಿ, ಶೆಟ್ಟಿಹಳ್ಳಿಯ ಮೊಮ್ಮಗಳ ಸುದ್ದಿ ಎಲ್ಲ ಮುಗಿದಮೇಲೂ ಫೋನ್ ಇಡುವುದಿಲ್ಲ. ಯಾಕೆಂದು ನನಗೆ ಗೊತ್ತು, ನಾನೂ ಕಾಯುತ್ತೇನೆ.

"ಅವತ್ತು ಏನಂದ ಅಂದೆ? ಇನ್ನೊಂದ್ಸಲ ಹೇಳೇ," ಎನ್ನುತ್ತಾಳೆ.

ನಾನು ಹೇಳುತ್ತೇನೆ. ಪ್ರತಿ ಸಲವೂ ಅವನ ದನಿಯಲ್ಲೇ ಹೇಳುತ್ತೇನೆ. ಮೊನ್ನೆ ಅಯ್ಯೋ ಹೊಟ್ಟೆಬಾಕಿ ಎನ್ನುವಷ್ಟರಲ್ಲೇ ಅವ್ವ ತಡೆದಳು. "ಅಂಗಲ್ಲ ಕಣೇ, ಅವ್ನು ಅಯ್ಯೋನ ಇನ್ನೂ ಎಳೀತಿದ್ದ," ಎಂದಳು. ಮತ್ತೆ ಮೊದಲಿನಿಂದ ಹೇಳಿದೆ.